ಗೋಲಿನ ಹಿಂದೆ ನಾಲ್ಕು ಹೆಜ್ಜೆ

ಭದ್ರಾವತಿಯಲ್ಲಿ ನಾನು ಕಟ್ಟಿಸಿದ ಗೋಡೆಯೊಂದಿದೆ. ಒಂದು ಇಟ್ಟಿಗೆ ಹೊತ್ತವನಲ್ಲ, ಒಂದು ಬಾಂಡಲಿ ಗಾರೆ ಕಲಸಿದವನಲ್ಲ. ಆದರೂ ಅದು ಆ ಜಾಗದಲ್ಲಿ ನಿಂತಿದೆ ಅಂದರೆ ಅದಕ್ಕೆ ಈ ರುದ್ರಪ್ಪನೇ ಕಾರಣ. ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಊರ ತುಂಬ ಡಂಗುರ ಸಾರುವ ನನ್ನಂಥವನು ಒಂದು ವಿಷಯವನ್ನು ಮುಚ್ಚಿಟ್ಟಿದ್ದಾನೆ ಅಂದರೆ ಅದು ಎಂಥದ್ದಿರಬೇಕು, ನೀವೇ ಅಂದಾಜು ಮಾಡಿ.

ಹೋದ ಶ್ರಾವಣದಲ್ಲಿ ಗೆಳೆಯ ಬಸವರಾಜನ ಮಗಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಈಗ ನಾನಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ, ದೊಡ್ಡ ಮಗಳ ಮನೆಯಲ್ಲಿ. ಭದ್ರಾವತಿಗೆ ಹೋಗುವುದು ಇಂಥ ಊಟಗಳಿಗೆ ಮಾತ್ರ. ಊಟ ಆಯಿತು, ಒಂದೆರಡು ಹೋಳಿಗೆ ಹೆಚ್ಚೇ ಆಯಿತು. ಎಲೆ ಅಡಿಕೆ ಉಗಿಯಲು ಹಿತ್ತಿಲಿಗೆ ಹೋದರೆ ಎದುರಿಗೇ ಆ ಗೋಡೆ. ಸಮಾರಂಭಕ್ಕೆಂದು ಸುಣ್ಣ ಬಳಿಸಿದ್ದರು. ಅದು ಒಣಗುವ ಮೊದಲೇ ಜಿಟಿಜಿಟಿ ಮಳೆ ಹಿಡಿದು ಬಿಳಿ ನೀರು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಹಸಿ ಸುಣ್ಣ, ಒದ್ದೆ ಮಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ, ಬಾಯಲ್ಲಿದ್ದದ್ದನ್ನು ಉಗಿಯುವುದು ಮರೆತು ನಿಂತುಬಿಟ್ಟೆ. ಅದು ಶನಿವಾರದ ವಾಸನೆ. ಮುರುಗೇಶ ಗ್ರೌಂಡಿಗೆ ಗೆರೆ ಹಾಕುತ್ತಿದ್ದ ವಾಸನೆ.

ಆಗ ನಾನು ಊರಿನ ಒಂದು ಎರಕದ ಫ್ಯಾಕ್ಟರಿಯಲ್ಲಿದ್ದೆ. ದೊಡ್ಡ ಫ್ಯಾಕ್ಟರಿಗಳ ನೆರಳಲ್ಲಿ ಕೂತಿದ್ದ ಸಣ್ಣ ಫ್ಯಾಕ್ಟರಿ. ಎಲ್ಲರೂ ಫೌಂಡ್ರಿ ಅನ್ನುತ್ತಿದ್ದರು. ನನ್ನ ಕೆಲಸ ಬಾಯ್ಲರ್ ಮನೆಯಲ್ಲಿ. ಸೈರನ್ನಿನ ಸರಪಳಿ ನನ್ನ ಕೈಯಲ್ಲಿ. ನಾನು ಒಮ್ಮೆ ಎಳೆದರೆ ಓಲ್ಡ್ ಟೌನಿನಲ್ಲಿ ಅನ್ನಕ್ಕೆ ಇಡುತ್ತಿದ್ದರು, ಇನ್ನೊಮ್ಮೆ ಎಳೆದರೆ ಮಕ್ಕಳು ಶಾಲೆಗೆ ಓಡುತ್ತಿದ್ದರು. ಅಂಥ ಅಧಿಕಾರ ಯಾವ ಸಾಹೇಬನಿಗಿತ್ತು ಹೇಳಿ. ಫೌಂಡ್ರಿ ಟೀಮು ಫುಟ್‌ಬಾಲ್ ಮ್ಯಾಚು ಗೆದ್ದ ಸಂಜೆ, ಐದರ ಸೈರನ್ ಮುಗಿದ ಮೇಲೆ ಒಂದು ಗಿಡ್ಡ ಕೂಗು ಹೆಚ್ಚು ಹಾಕುವುದು ಪದ್ಧತಿ. ಆ ಕೂಗು ಕೇಳಿದರೆ ಹೊಳೆಯಾಚೆಯವರಿಗೂ ಗೊತ್ತಾಗುತ್ತಿತ್ತು, ಇವತ್ತು ಫೌಂಡ್ರಿಯವರ ಮಾತು ಕೇಳುವ ಹಾಗಿಲ್ಲ ಅಂತ.

ಉಳಿದ ಜಿಲ್ಲೆಗೆಲ್ಲ ಕ್ರಿಕೆಟ್ಟಿನ ಹುಚ್ಚಾದರೆ ನಮಗೆ ಫುಟ್‌ಬಾಲಿನದು. ಕುಲುಮೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ತಾತಂದಿರು ಹಾಸಿಗೆ ಸುರುಳಿಯ ಜೊತೆ ಫುಟ್‌ಬಾಲನ್ನೂ ಸುತ್ತಿಕೊಂಡು ಬಂದಿದ್ದರು. ಮುರುಗೇಶ ಅಂಥ ತಾತನ ಮೊಮ್ಮಗ. ಹುಟ್ಟಿದ್ದು ಫ್ಯಾಕ್ಟರಿ ಲೈನಿನ ಮನೆಯಲ್ಲಿ, ಕೆಲಸ ಅಚ್ಚು ಹಾಕುವ ಸೆಕ್ಷನ್ನಿನಲ್ಲಿ, ಆದರೆ ಬದುಕಿದ್ದು ಗೋಲಿನೊಳಗೆ. ಹನ್ನೊಂದು ವರ್ಷ ಗೋಲು ಕಾಯುವ ಗೋಲಿ ಅವನೇ, ಅವನೇ ಕೋಚು, ಜೆರ್ಸಿ ಒಗೆಯುವವನೂ ಅವನೇ. ಶನಿವಾರ ಶಿಫ್ಟು ಮುಗಿಸಿ ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಹಗ್ಗ ಕಟ್ಟಿ, ಹಿಂದೆ ಹಿಂದೆ ನಡೆಯುತ್ತ ಗೆರೆ ಎಳೆಯುತ್ತಿದ್ದ. ಟೇಪು ಮುಟ್ಟಿದವನಲ್ಲ. ಎಲ್ಲ ಹೆಜ್ಜೆ ಲೆಕ್ಕ.

ಮ್ಯಾಚಿಗೆ ಮೊದಲು ಅವನದೊಂದು ಪೂಜೆಯಿತ್ತು. ಬಡಗಣ ಗೋಲಿನ ಗೆರೆಯ ಮೇಲೆ ನಿಂತು, ಅಲ್ಲಿಂದ ಹಿಂದಕ್ಕೆ ಹಳ್ಳದ ಅಂಚಿನವರೆಗೆ ಹೆಜ್ಜೆ ಎಣಿಸುತ್ತ ಹೋಗುವುದು. ಸರಿಯಾಗಿ ಇಪ್ಪತ್ತೈದು. ಹಳ್ಳದಾಚೆ ಬರೀ ಲಂಟಾನ ಪೊದೆ. ಎಣಿಸಿ ವಾಪಸ್ ಬಂದು ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ಹಳ್ಳ ಏನು ರಾತ್ರೋರಾತ್ರಿ ಎದ್ದು ಹೋಗುತ್ತೇನೋ, ವಾರ ವಾರ ಎಣಿಸ್ತೀಯಲ್ಲ?" ಅಂತ ನಾನು ರೇಗಿಸಿದರೆ ನಗುತ್ತಿದ್ದ.

"ಹಿಂದೆ ಎಷ್ಟು ಜಾಗ ಇದೆ ಅಂತ ಗೊತ್ತಿದ್ರೆ ಮುಂದೆ ಧೈರ್ಯ ಬರುತ್ತೆ ಅಣ್ಣಾ."

ನನ್ನ ಕೀರ್ತಿಯನ್ನೂ ಸ್ವಲ್ಪ ಹೇಳಿಕೊಳ್ಳಬೇಕು. ಕಿತಾಪತಿ ರುದ್ರಪ್ಪ ಅಂದರೆ ಮೂರು ಶಿಫ್ಟಿಗೂ ಗೊತ್ತು. ತ್ಯಾವರೆಕೊಪ್ಪದ ಸಿಂಹಧಾಮದಿಂದ ಸಿಂಹ ತಪ್ಪಿಸಿಕೊಂಡು ಹೊಳೆ ದಂಡೆಗೆ ಬಂದಿದೆ ಅಂತ ಒಂದು ಸಂಜೆ ಹಬ್ಬಿಸಿದ್ದೆ. ಎರಡನೇ ಶಿಫ್ಟಿನವರು ಹತ್ತು ಹತ್ತು ಜನ ಗುಂಪು ಕಟ್ಟಿ ಕಬ್ಬಿಣದ ಸಲಾಕೆ ಹಿಡಿದು ಕೆಲಸಕ್ಕೆ ಬಂದರು. ಒಬ್ಬ ಫೋರ್‌ಮನ್ ಮೂರು ದಿನ ರಜೆ ಹಾಕಿದ. ಜನ ಯಾಕೆ ನಂಬಿದರು ಗೊತ್ತೇ? ಬರೀ ಸಿಂಹ ಅಂದಿದ್ದರೆ ನಂಬುತ್ತಿರಲಿಲ್ಲ. "ಎಡಗಡೆ ಹಿಂಗಾಲು ಸ್ವಲ್ಪ ಕುಂಟುತ್ತಂತೆ" ಅಂದಿದ್ದೆ. ಸುಳ್ಳಿಗೆ ಒಂದು ಬೇಡದ ವಿವರ ಸೇರಿಸಬೇಕು. ಅದು ಪಾಯಸಕ್ಕೆ ಏಲಕ್ಕಿ ಇದ್ದ ಹಾಗೆ. ಈ ವಿದ್ಯೆ ನಾನು ಯಾರಿಗೂ ಕಲಿಸಿಲ್ಲ. ಈಗ ನಿಮಗೆ ಹೇಳಿದೆ.

ಟೀವಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಬಂದ ವರ್ಷ ಅದು, ತೊಂಬತ್ತರ ದಶಕದ ಕೊನೆ. ಬೇಸಿಗೆಯಲ್ಲಿ ಫ್ಯಾಕ್ಟರಿಯ ಹಳೇ ಯಜಮಾನರು ತೀರಿಕೊಂಡರು. ಗ್ರೌಂಡು ಮಾಡಿಸಿಕೊಟ್ಟವರು ಅವರು. ಬೆತ್ತದ ಕುರ್ಚಿ ಹಾಕಿಕೊಂಡು ಪ್ರತಿ ಮ್ಯಾಚು ನೋಡುತ್ತಿದ್ದವರು. ಮಕ್ಕಳಿಗೆ ಭದ್ರಾವತಿ ಬೇಡವಾಗಿತ್ತು. ಮೊದಲ ಮಳೆ ಬೀಳುವ ಹೊತ್ತಿಗೆ ಫ್ಯಾಕ್ಟರಿ, ಗ್ರೌಂಡು, ಟೀಮು ಎಲ್ಲ ಸೇರಿ ಮಾರಾಟವಾಗಿದೆ ಅಂತ ಸುದ್ದಿ ಬಂತು. ಯಾರಿಗೆ ಅಂತ ಗೊತ್ತಿರಲಿಲ್ಲ.

ಗೇಟಿನೆದುರು ಗೌರಕ್ಕನ ಟೀ ಅಂಗಡಿ. ನಮ್ಮ ವಿಧಾನಸಭೆ ಅದೇ.

"ಮುಂಬೈ ಪಾರ್ಟಿ ಅಂತೆ," ಅಂದ ಬಸವರಾಜ. ಅವನು ಕ್ರೇನ್ ಆಪರೇಟರ್. ಎತ್ತರದಲ್ಲಿ ಕೂತು ಕೂತು, ಊರಿಗಿಂತ ಮೊದಲು ಎಲ್ಲ ತನಗೇ ಕಾಣುತ್ತದೆ ಅಂದುಕೊಂಡವನು.

"ಮುಂಬೈ ಅಲ್ಲ, ಕೊಯಮತ್ತೂರು. ನಮ್ಮ ಭಾಮೈದ ಹೇಳ್ದ," ಅಂದ ಫಿಟ್ಟರ್ ಒಬ್ಬ.

"ಎಲ್ಲಿಯವನಾದ್ರೆ ಏನು ಮಾರಾಯ, ಹೊಸ ಬಾಲ್ ಕೊಡಿಸ್ತಾನಾ ಅದನ್ನ ಹೇಳು."

"ಹೊಸ ಯಜಮಾನ ಅಂದ್ರೆ ಹೊಸ ಸೊಸೆ ಇದ್ದ ಹಾಗೆ," ಅಂದಳು ಗೌರಕ್ಕ, ಟೀ ಸೋಸುತ್ತ. "ಮೊದಲು ಪಾತ್ರೆ ಬದಲಾಯಿಸ್ತಾಳೆ. ಆಮೇಲೆ ಅತ್ತೆನ ಎಲ್ಲಿ ಕೂರಿಸೋದು ಅಂತ ನೋಡ್ತಾಳೆ."

ಎಲ್ಲರೂ ನಕ್ಕರು. ನಮ್ಮ ಕೆಲಸ ಏನಾಗುತ್ತದೆ ಅಂತ ಒಬ್ಬನೂ ಕೇಳಲಿಲ್ಲ. ಸೆಂಟರ್ ಫಾರ್ವರ್ಡ್ ಯಾರಾಗುತ್ತಾನೆ ಅಂತ ಕೇಳಿದರು.

ಜನ ಬಾಯಿ ತೆರೆದುಕೊಂಡು ಕೂತಿರುವಾಗ ಅದರಲ್ಲಿ ಏನೂ ಹಾಕದೆ ಬರುವುದು ನನ್ನ ಜಾಯಮಾನವಲ್ಲ. ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನನ್ನ ಭಾವನ ಡ್ರಾಯರಿನಲ್ಲಿ, ಯಾರೂ ತೆಗೆದುಕೊಂಡು ಹೋಗದೆ ಬಿದ್ದಿದ್ದ ಪಾಸ್‌ಪೋರ್ಟ್ ಫೋಟೋಗಳಿದ್ದವು. ಅದರಲ್ಲೊಂದು ಆರಿಸಿಕೊಂಡೆ. ದಪ್ಪ ಮೀಸೆ, ಅಗಲ ಹಣೆ, ನೋಡಿದರೆ ಈಗಲೇ ಬೈಯುತ್ತಾನೆ ಅನ್ನುವ ಮುಖ. ಮಾರನೇ ದಿನ ಅಂಗಡಿಯಲ್ಲಿ ಅದನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟೆ.

"ಹೊಸ ಯಜಮಾನ್ರು ಕರೆಸ್ತಿರೋ ಕೋಚ್. ಗೋವಾದವರು. ದೊಡ್ಡ ದೊಡ್ಡ ಕ್ಲಬ್ಬಿಗೆ ಹೇಳಿಕೊಟ್ಟಿದಾರಂತೆ. ಆದ್ರೆ ಒಂದೇ ವಿಚಿತ್ರ ನೋಡಿ. ಗೋವಾದವರಾಗಿ ಮೀನು ತಿನ್ನಲ್ವಂತೆ."

ಅಷ್ಟೇ ಸಾಕಾಯಿತು. ಮೀನು ತಿನ್ನದ ಗೋವಾದವನನ್ನು ಯಾರು ತಾನೆ ಸುಮ್ಮನೆ ಹುಟ್ಟಿಸಿಯಾರು? ಫೋಟೋ ಕೈಯಿಂದ ಕೈಗೆ ಹೋಯಿತು. ಮೀಸೆ ನೋಡಿ ಡಿಫೆನ್ಸ್ ಬಲವಾಗುತ್ತದೆ ಅಂದರು ಕೆಲವರು. ಬಸವರಾಜನ ಪ್ರಶ್ನೆ ಬೇರೆ. "ಅಷ್ಟು ದೊಡ್ಡವರು ಈ ಕೊಂಪೆ ಗ್ರೌಂಡಿಗೆ ಯಾಕ್ ಬರ್ತಾರೆ?"

ಸುಳ್ಳಿಗೆ ತೂತು ಬಿದ್ದರೆ ಆ ಕ್ಷಣವೇ ಬೆಸುಗೆ ಹಾಕಬೇಕು. "ಅದಕ್ಕೇ ಷರತ್ತು ಹಾಕಿದಾರೆ. ಗ್ಯಾಲರಿ ಕಟ್ಟಿಸಿದ್ರೆ ಮಾತ್ರ ಬರೋದು ಅಂತ. ಯಜಮಾನ್ರು ಒಪ್ಪಿದಾರೆ."

ಊರು ಎರಡಾಯಿತು. ಅರ್ಧ ಜನ ಗೋವಾದವನು ಬರಲಿ ಅಂದರು. ಇನ್ನರ್ಧ, ಮುರುಗೇಶನಿಗೆ ಹನ್ನೊಂದು ವರ್ಷದ ಮೇಲೆ ಇದೇನಾ ಮರ್ಯಾದೆ ಅಂದರು. ಅಚ್ಚಿನ ಸೆಕ್ಷನ್ನಿನವರೂ ಕ್ರೇನಿನವರೂ ಒಂದು ವಾರ ಒಂದೇ ಬೆಂಚಿನ ಮೇಲೆ ಕೂರಲಿಲ್ಲ. ನಾನು ಮಧ್ಯದ ಸ್ಟೂಲಿನ ಮೇಲೆ ಕೂತು ಎರಡೂ ಕಡೆಯವರ ಟೀ ಕುಡಿದೆ.

ಮುರುಗೇಶ ಮೂರನೇ ದಿನ ಬಂದ. ಕೈಗೆ ಅಚ್ಚಿನ ಕಪ್ಪು ಮರಳು ಮೆತ್ತಿತ್ತು. ಲುಂಗಿಗೆ ಕೈ ಒರೆಸಿಕೊಂಡು ಫೋಟೋ ಎತ್ತಿಕೊಂಡ. ಬಹಳ ಹೊತ್ತು ನೋಡಿದ.

"ಒಳ್ಳೇ ಕೋಚಾ ಅಣ್ಣಾ?"

"ಹಾಗಂತಾರಪ್ಪ."

"ನಾನು ಯಾರ ಹತ್ರಾನೂ ಕಲೀಲಿಲ್ಲ. ಹುಡುಗ್ರಿಗೆ ತಪ್ಪು ಹೇಳಿಕೊಟ್ಟಿದೀನೋ ಏನೋ ಅಂತ ಒಂದೊಂದ್ಸಲ ಭಯ ಆಗುತ್ತೆ." ಫೋಟೋವನ್ನು ಜೇಬಿಗೆ ಹಾಕಿಕೊಂಡ. "ಇದು ನನ್ನ ಹತ್ರ ಇರ್ಲಿ. ಬಂದಾಗ ಗುರುತು ಹಿಡೀಬೇಕಲ್ಲ. ಯಾವಾಗ ಬರ್ತಾರೆ?"

ಆಗಲೇ ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಭಾನುವಾರ ಸಂಜೆ, ಬೀರೂರಿನ ಕಡೆಯ ರೈಲಿಗೆ ಅಂತಿದ್ರಪ್ಪ."

ಆ ಭಾನುವಾರ ನಾನೂ ಬಸವರಾಜನೂ ಸ್ಟೇಷನ್ನಿನ ನೀರಿನ ಟ್ಯಾಂಕಿನ ಹಿಂದೆ ಅಡಗಿ ನಿಂತಿದ್ದೆವು. ಕೋಚು ಸುಳ್ಳು ಅಂತ ಅವನೊಬ್ಬನಿಗೆ ಹೇಳಿದ್ದೆ, ಗ್ಯಾಲರಿ ಮಾತ್ರ ನಿಜ ಅಂದಿದ್ದೆ. ಮುರುಗೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ನಿಂಬೆಹಣ್ಣು ಹಿಡಿದು ಬಂದಿದ್ದ. ರೈಲು ಬಂತು. ಇಳಿದವರ ಮುಖಗಳನ್ನೆಲ್ಲ ಫೋಟೋದ ಜೊತೆ ಹೋಲಿಸಿ ನೋಡಿದ. ರೈಲು ಶಿವಮೊಗ್ಗದ ಕಡೆ ಹೋಯಿತು. ಅವನು ಪ್ಲಾಟ್‌ಫಾರ್ಮಿನ ಆ ತುದಿಯವರೆಗೂ ನಡೆದು ವಾಪಸ್ ಬಂದ. ಬಸವರಾಜ ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದ. ನನಗೆ ಯಾಕೋ ನಗು ಅರ್ಧಕ್ಕೇ ನಿಂತಿತು. ಆ ವಾರದಿಂದ ಮುರುಗೇಶ ಗೋಲಿನ ಕಂಬಗಳಿಗೆ ಬಣ್ಣ ಬಳಿದ, ಹರಿದ ಬಲೆ ಹೊಲಿದ. ಬರುವವರು ನೋಡಿದಾಗ ಗ್ರೌಂಡು ಚೊಕ್ಕಟವಾಗಿರಬೇಕಂತೆ.

ಇತ್ತ ನಿಜವಾದ ಯಜಮಾನ ಬರುವ ಸೂಚನೆಗಳು ಒಂದೊಂದಾಗಿ ಕಾಣತೊಡಗಿದ್ದವು. ಆಷಾಢದಲ್ಲಿ ಎರಡನೇ ಕುಲುಮೆಯನ್ನು ಆರಿಸಿದರು. ರಿಪೇರಿ ಅಂದರು. ರಿಪೇರಿಯವರು ಯಾರೂ ಬರಲಿಲ್ಲ. ಗ್ರೌಂಡಿನ ಬೋರಿನ ಮೋಟಾರನ್ನು ಬಿಚ್ಚಿಕೊಂಡು ಹೋದರು. ಮಳೆಗಾಲ ತಾನೆ ಅಂತ ನಾವು ಸುಮ್ಮನಿದ್ದೆವು. ಯಜಮಾನರ ಬೆತ್ತದ ಕುರ್ಚಿ ಒಂದು ದಿನ ಗುಜರಿ ಗಾಡಿಯಲ್ಲಿ, ಕಾಲು ಮೇಲಾಗಿ ಹೋಗುತ್ತಿತ್ತು. ಗೌರಕ್ಕ ಟೀ ಕೊಡುವುದನ್ನು ನಿಲ್ಲಿಸಿ ಅದನ್ನೇ ನೋಡಿದಳು.

"ಹೊಸದು ತರ್ತಾರೆ ಬಿಡಕ್ಕ," ಅಂದೆ.

"ತರೋರು ಮೊದಲು ತಂದು ಆಮೇಲೆ ಹಳೇದನ್ನ ಎಸೀತಾರೆ ರುದ್ರಣ್ಣ," ಅಂದಳು.

ಶ್ರಾವಣದ ಒಂದು ಮ್ಯಾಚಿನ ದಿನ ಬಿಳಿ ಕಾರೊಂದು ಬಂದು ಗ್ರೌಂಡಿನ ಪಕ್ಕ ನಿಂತಿತು. ಗಾಜು ಇಳಿಯಲಿಲ್ಲ. ಮಳೆ ಹನಿಯುತ್ತಿತ್ತು, ವೈಪರ್ ಆಡುತ್ತಿತ್ತು. ಹೊಸ ಯಜಮಾನರೇ ಅಂತ ಸುದ್ದಿ ಹಬ್ಬಿತು. ಆಮೇಲೆ ನಮ್ಮ ಜನ ಬಾಲ್ ನೋಡಲೇ ಇಲ್ಲ, ಕಾರು ನೋಡಿಕೊಂಡು ಕೂಗಿದರು. ಮುರುಗೇಶ ಅವತ್ತು ಪೆನಾಲ್ಟಿ ಹಿಡಿದ. ಹಿಡಿದವನು ಎದ್ದು ನಿಂತು, ಕಾರಿನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಕಪ್ಪು ಗಾಜಿನ ಹಿಂದೆ ಒಂದು ಕೈ ಎತ್ತಿದ್ದು ನನಗೆ ಮಸುಕಾಗಿ ಕಂಡಿತು. ಬೆರಳು ಏನನ್ನೋ ತೋರಿಸುತ್ತಿತ್ತು. ಮುರುಗೇಶನನ್ನಲ್ಲ. ಅವನ ಹಿಂದೆ, ಹಳ್ಳದಾಚೆಯ ಪೊದೆಯನ್ನು.

ಮಾರನೇ ಸೋಮವಾರ ನೋಟಿಸು ಬಂತು. ಸೈರನ್ ನಿಲ್ಲಿಸಲಾಗಿದೆ. ಗೇಟಿನಲ್ಲಿ ಗಡಿಯಾರ ಹಾಕಿದ್ದಾರೆ, ಅದನ್ನು ನೋಡಿಕೊಳ್ಳುವುದು. ನನ್ನ ಸರಪಳಿಗೆ ಬೀಗ ಬಿತ್ತು. ಓಲ್ಡ್ ಟೌನಿನ ಹೆಂಗಸರು ಒಂದು ವಾರ ಅನ್ನ ಸೀದಿಸಿದರು. ಆ ಮೌನ ಹೇಗಿತ್ತು ಅಂದರೆ, ಮಧ್ಯಾಹ್ನ ಹನ್ನೆರಡಕ್ಕೆ ಕಾಗೆಗಳು ಕೂಡ ಕ್ಯಾಂಟೀನಿನ ಹಿಂದೆ ಬಂದು ಸೇರುವುದನ್ನು ಮರೆತವು. ನನಗಂತೂ ಹನ್ನೆರಡರಿಂದ ಒಂದರವರೆಗೆ ಕೈಗೆ ಕೆಲಸವಿಲ್ಲ. ನನ್ನಂಥವನಿಗೆ ಒಂದು ಗಂಟೆ ಬಿಡುವು ಕೊಡುವುದು ಅಂದರೆ ಮಂಗನಿಗೆ ಬೀಗದ ಕೈ ಕೊಟ್ಟ ಹಾಗೆ.

ಗಣೇಶನ ಹಬ್ಬ ಕಳೆದ ವಾರ ಸರ್ವೆಯವರು ಬಂದರು. ಜೀಪಿನಲ್ಲಿ ಒಬ್ಬ ಸಾಹೇಬ, ಟೇಪು ಹಿಡಿಯುವ ಇಬ್ಬರು. ಬಡಗಣ ಗೋಲಿನ ಹಿಂದೆ ಅಳೆಯತೊಡಗಿದರು. ಶಿಫ್ಟು ಇಲ್ಲದವರೆಲ್ಲ ಓಡಿದೆವು.

"ಏನ್ ಸಾರ್ ಕಟ್ತಾರೆ ಇಲ್ಲಿ?" ಅಂದ ಬಸವರಾಜ.

"ಏನೋ ಕಟ್ತಾರೆ. ನಮಗೆ ಅಳೆಯೋಕೆ ಹೇಳಿದಾರೆ."

"ಗ್ಯಾಲರಿ ಅಲ್ವಾ?"

"ಇರಬಹುದಪ್ಪ. ಸ್ವಲ್ಪ ಆ ತುದಿ ಹಿಡ್ಕೊಳ್ಳಿ."

ಬಸವರಾಜ ಟೇಪಿನ ತುದಿ ಹಿಡಿದ. ಗೌರಕ್ಕ ಫ್ಲಾಸ್ಕಿನಲ್ಲಿ ಟೀ ತಂದಳು. ಈಗ ನನ್ನ ಬಗ್ಗೆ ಹೇಳುತ್ತೇನೆ, ನೀವು ನಗಬಹುದು. ಆ ಗ್ಯಾಲರಿಯ ಸುಳ್ಳನ್ನು ಹುಟ್ಟಿಸಿದವನು ನಾನು. ಅದು ಸುಳ್ಳು ಅಂತ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಟೇಪು, ಜೀಪು, ಸಾಹೇಬ ಎಲ್ಲ ಕಣ್ಣೆದುರು ನಿಂತಾಗ, ನನ್ನ ಬಾಯಿಂದ ಬಿದ್ದದ್ದು ಎಲ್ಲೋ ಯಜಮಾನರ ಕಿವಿಗೂ ಬಿದ್ದು ನಿಜವಾಗಿಬಿಟ್ಟಿದೆ ಅನ್ನಿಸಿತು. ಜಂಬದಿಂದ ಎದೆ ಉಬ್ಬಿತು. ಊರನ್ನೆಲ್ಲ ಬೇಸ್ತು ಬೀಳಿಸಿದವನು ಕೊನೆಗೆ ನಾನೇ ತೋಡಿದ ಗುಂಡಿಗೆ ಹೂವಿನ ಹಾರ ಹಾಕಿಕೊಂಡು ಇಳಿದೆ.

ಅವರು ಎರಡು ಗೂಟ ಹೊಡೆದರು. ಹಳ್ಳದ ಈಚೆ ದಡದ ಮೇಲೆ, ಆ ತುದಿಗೊಂದು ಈ ತುದಿಗೊಂದು. ಗೋಲಿನ ಗೆರೆಯಿಂದ ಇಪ್ಪತ್ತೈದು ಹೆಜ್ಜೆ. ಆಮೇಲೆ ಸಾಹೇಬ ಜೀಪು ಹತ್ತಿ ಶಿವಮೊಗ್ಗಕ್ಕೆ ಹೋದ. ಟೇಪಿನವರೂ ಅವನ ಜೊತೆ ಹೋದರು. ಗೂಟವಿದ್ದಲ್ಲಿ ಗಡಿಕಲ್ಲು ನೆಡುವ ಆಳುಗಳು ಊಟ ಮುಗಿಸಿ ಬರುತ್ತಾರೆ ಅಂತ ತಿಳಿಯಿತು. ಹನ್ನೆರಡು ಗಂಟೆ. ಸೈರನ್ ಇಲ್ಲ. ಮೈದಾನ ಖಾಲಿ. ಸಣ್ಣ ಮಳೆ.

ನನಗೊಂದು ವಿಚಾರ ಹೊಳೆಯಿತು. ಎದುರು ಟೀಮಿನ ಗೋಲಿಯ ಬೆನ್ನ ಹಿಂದೆ ನಿಂತು, ಅವನ ಮನೆದೇವರಿಂದ ಹಿಡಿದು ಅವನ ಚಡ್ಡಿಯ ಲಾಡಿಯವರೆಗೆ ಎಲ್ಲದರ ಬಗ್ಗೆ ವಿಚಾರಿಸುತ್ತ ಅವನ ಗಮನ ಕೆಡಿಸುವುದು ಫೌಂಡ್ರಿ ಟೀಮಿಗೆ ನನ್ನ ಕೊಡುಗೆ. ನನ್ನಿಂದ ಬಂದ ಗೋಲುಗಳು ಎಷ್ಟೋ ಇವೆ, ಯಾರೂ ಬರೆದಿಟ್ಟಿಲ್ಲ. ಗ್ಯಾಲರಿ ಇಪ್ಪತ್ತೈದು ಹೆಜ್ಜೆ ದೂರ ಬಂದರೆ ನನ್ನ ಮಾತು ಅವನಿಗೆ ಕೇಳುವುದು ಹೇಗೆ?

"ಬಸ್ಯಾ, ಗೂಟ ಎಷ್ಟು ದೂರ ಹೊಡೆದಿದಾರೆ ನೋಡು. ಅಲ್ಲಿ ಕೂತ್ರೆ ಬಾಲ್ ಬದಲು ಹಳ್ಳದ ಕಪ್ಪೆ ನೋಡ್ಬೇಕು."

"ಬೇಡ ಮಾರಾಯ. ಸರ್ಕಾರಿ ಕೆಲಸ ಇದ್ದಂಗೆ ಕಾಣುತ್ತೆ."

"ಎರಡೇ ಗೂಟ. ಎರಡೇ ನಿಮಿಷ."

ಅವನು ಕೊಡೆ ಹಿಡಿದ. ನಾನು ಕಿತ್ತೆ. ಹಳೇ ತೂತಿಗೆ ಹುಲ್ಲು ತುರುಕಿದೆ. ಗೋಲಿನ ಗೆರೆಯಿಂದ ನಾಲ್ಕೇ ನಾಲ್ಕು ಹೆಜ್ಜೆ ಎಣಿಸಿ ಎರಡನ್ನೂ ಹೊಡೆದೆ. ನೆಲ ಒದ್ದೆಯಾಗಿತ್ತು, ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿದವು.

ಆಳುಗಳು ಬಂದರು, ಜೊತೆಗೆ ಆಫೀಸಿನ ಗುಮಾಸ್ತ. ಬೆಳಿಗ್ಗೆ ಅಳೆಯುವಾಗ ಇವರ್ಯಾರೂ ಇರಲಿಲ್ಲ. ಗೂಟ ಕಂಡಲ್ಲಿ ಕಲ್ಲು ನೆಟ್ಟರು. ಗುಮಾಸ್ತ ಒಂದು ಕಾಗದ ತೆಗೆದ. ಮಹಜರು, ಊರಿನ ಐದು ಜನ ಸಾಕ್ಷಿ ಹಾಕಬೇಕು ಅಂದ. ಒಂದೇ ಉಸಿರಿನಲ್ಲಿ ಓದಿದ: ಕೆಳಗೆ ಸಹಿ ಮಾಡಿದ ಪಂಚರಾದ ನಮ್ಮ ಸಮಕ್ಷಮ ಕಲ್ಲು ನೆಟ್ಟಿದ್ದು, ಈ ಬಗ್ಗೆ ನಮ್ಮ ತಕರಾರು ಏನೂ ಇರುವುದಿಲ್ಲ. ಗ್ಯಾಲರಿಗೆ ತಕರಾರು ಯಾರದ್ದಿರುತ್ತದೆ? ಕಲ್ಲು ಎಲ್ಲಿ ಬಿತ್ತು ಅಂತ ಯಾರೂ ನೋಡಲಿಲ್ಲ, ಸಹಿ ಹಾಕಲು ನೂಕುನುಗ್ಗಲು. ಮೊದಲ ಸಹಿ ನನ್ನದು, ಕೆಳಗೆ ಎರಡು ಗೆರೆ ಎಳೆದು ಚುಕ್ಕಿ ಇಟ್ಟು. ಎರಡನೆಯದು ಬಸವರಾಜನದು. ಗೌರಕ್ಕ ಕೂಡ ಸೆರಗಿಗೆ ಕೈ ಒರೆಸಿಕೊಂಡು ಬಂದು ಬರೆದಳು.

ಮುರುಗೇಶ ಅವತ್ತು ಡ್ಯೂಟಿಯಲ್ಲಿದ್ದ. ಸಂಜೆ ಬಂದು ಗ್ರೌಂಡಿನಲ್ಲಿ ಒಬ್ಬನೇ ಓಡಾಡುತ್ತಿದ್ದುದನ್ನು ದೂರದಿಂದ ನೋಡಿದೆ. ಮಳೆಗೆ ತಲೆಗೆ ಗೋಣಿ ಹಾಕಿಕೊಂಡಿದ್ದ. ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ.

ದೀಪಾವಳಿಗೆ ಮೊದಲು ಪಾಯ ತೋಡಿದರು. ಗ್ಯಾಲರಿಗೆ ಇಷ್ಟು ಕಿರಿದು ಪಾಯ ಯಾಕೆ ಅಂತ ಬಸವರಾಜ ಕೇಳಿದ. ದಿನಕ್ಕೆ ಮೂರು ವರಸೆ ಇಟ್ಟಿಗೆ ಏರಿತು. ಹತ್ತಡಿಗೆ ನಿಂತಿತು, ಮೇಲೆ ಸುಣ್ಣ ಬಳಿದರು. ಅದರಾಚೆ ಬುಲ್ಡೋಜರ್ ಬಂದು ಪೊದೆ ಕೆಡವಿ ಹಳ್ಳ ಮುಚ್ಚಿತು. ರಸ್ತೆಗೆ ಒಂದು ಬೋರ್ಡು ಬಿತ್ತು: ಮನೆ ನಿವೇಶನಗಳು ಮಾರಾಟಕ್ಕಿವೆ.

ಐವತ್ತು ಜನ ಆಫೀಸಿಗೆ ನುಗ್ಗಿದೆವು. ಹೊಸ ಆಫೀಸರ್ ಇನ್ನೂ ಚಿಕ್ಕ ವಯಸ್ಸಿನವನು. ಬೈಯಲಿಲ್ಲ, ಗದರಲಿಲ್ಲ. ಫೈಲು ತೆಗೆದು ಮಹಜರು ತೋರಿಸಿದ. "ಇದು ನಿಮ್ಮದೇ ಸಹಿ ಅಲ್ವಾ ಯಜಮಾನ್ರೇ?" ಎರಡು ಗೆರೆ, ಒಂದು ಚುಕ್ಕಿ. ಜನ ನನ್ನ ಮುಖ ನೋಡಿದರು.

ಹೊರಗೆ ಬರುವಾಗ ಆ ಗುಮಾಸ್ತ ನನ್ನನ್ನು ಪಕ್ಕಕ್ಕೆ ಕರೆದ. ಪಾಪ, ಒಳ್ಳೆಯವನು. "ನಕ್ಷೆಯಲ್ಲಿ ಗಡಿ ಹಳ್ಳದ ಮೇಲೇ ಇತ್ತು ರುದ್ರಣ್ಣ. ಬರೀ ಪೊದೆ ಮಾರೋದು, ಗ್ರೌಂಡು ಮುಟ್ಟೋದು ಬೇಡ, ಹಾಗಿತ್ತು ವಿಚಾರ. ಕಲ್ಲು ಅದ್ಹೇಗೆ ಈಚೆ ಬಂತೋ. ಸಾಹೇಬ್ರಿಗೆ ಹೇಳಿದ್ರೆ, ಜನಾನೇ ಸಹಿ ಹಾಕಿ ಕೊಟ್ಟಿದಾರಲ್ಲ, ಇನ್ನೊಂದು ಸಾಲು ಸೈಟ್ ಆಗುತ್ತೆ ಬಿಡಿ ಅಂದ್ರು."

ನನ್ನ ಕಿವಿಯಲ್ಲಿ ನಿಂತುಹೋಗಿದ್ದ ಸೈರನ್ ಕೂಗಿದ ಹಾಗಾಯಿತು. ಬಸವರಾಜನ ಮುಖ ನೋಡಿದೆ. ಅವನು ಚಪ್ಪಲಿ ನೋಡುತ್ತಿದ್ದ. ಆ ಹೊತ್ತಿನಿಂದ ನಾವಿಬ್ಬರೂ ಈ ವಿಷಯ ಎತ್ತಲಿಲ್ಲ, ನಮ್ಮನಮ್ಮಲ್ಲೂ.

ಕಾರ್ತಿಕದಲ್ಲಿ ಶಿವಮೊಗ್ಗದ ಟೀಮಿನ ಜೊತೆ ಲೀಗ್ ಮ್ಯಾಚು. ಗೋಡೆ ಇದ್ದರೇನಂತೆ, ಗೋಲು ಇದೆಯಲ್ಲ ಅಂದರು ಹುಡುಗರು. ಮುರುಗೇಶ ಗೆರೆ ಎಳೆದ. ಮ್ಯಾಚಿಗೆ ಮೊದಲು ಎಂದಿನಂತೆ ಗೋಲಿನ ಹಿಂದೆ ಹೆಜ್ಜೆ ಎಣಿಸಲು ಹೋದ. ಒಂದು, ಎರಡು, ಮೂರು, ನಾಲ್ಕು. ಅಂಗೈಯನ್ನು ಗೋಡೆಯ ಮೇಲಿಟ್ಟು ವಾಪಸ್ ಬಂದ. ಕಂಬ ಮುಟ್ಟುವುದನ್ನು ಮರೆತ. ಅದನ್ನು ನಾನು ನೋಡಿದೆ.

ನಾನು ಗೋಡೆಗೆ ಒರಗಿ ನಿಂತಿದ್ದೆ, ಬಯಸಿ ಬಯಸಿ ಪಡೆದುಕೊಂಡ ಜಾಗದಲ್ಲಿ. ಮೊದಲರ್ಧ ಶಿವಮೊಗ್ಗದ ಗೋಲಿ ನನ್ನ ಮುಂದಿದ್ದ. ಅವನಿಗೆ ಏನೂ ಅನ್ನಲು ಬಾಯಿ ಬರಲಿಲ್ಲ. ಆದರೂ ನಾವು ಒಂದು ಗೋಲು ಹೊಡೆದೆವು. ಎರಡನೇ ಅರ್ಧಕ್ಕೆ ಮುರುಗೇಶ ಈ ಕಡೆ ಬಂದ. ಜಿಟಿಜಿಟಿ ಮಳೆ. ನಮ್ಮವನೊಬ್ಬನ ಕಾಲಿಗೆ ತಾಗಿದ ಬಾಲು ಕಂಬದ ಪಕ್ಕದಿಂದ ಹೊರಗೆ ಉರುಳುತ್ತಿತ್ತು, ಬಿಟ್ಟಿದ್ದರೆ ಕಾರ್ನರ್. ಕಾರ್ನರ್ ಕೊಡುವುದು ಅಂದರೆ ಮುರುಗೇಶನಿಗೆ ಸಾಲ ಮಾಡಿದ ಹಾಗೆ. ಓಡಿದ, ಒದ್ದೆ ಹುಲ್ಲಿನ ಮೇಲೆ ಜಾರಿದ. ಗೆರೆಯ ಮೇಲೆ ಬಾಲು ಅಪ್ಪಿಕೊಂಡ. ಗೋಡೆ ಇದೆ ಅಂತ ಅವನ ತಲೆಗೆ ಗೊತ್ತಿದ್ದದ್ದು ಒಂದು ತಿಂಗಳಿಂದ. ಹಿಂದೆ ಇಪ್ಪತ್ತೈದು ಹೆಜ್ಜೆ ಇದೆ ಅಂತ ಮೈಗೆ ಗೊತ್ತಿದ್ದದ್ದು ಹನ್ನೊಂದು ವರ್ಷದಿಂದ.

ನನ್ನ ಕಾಲ ಬುಡದಲ್ಲೇ ಆಯಿತು. ಒದ್ದೆ ಗೋಣಿಮೂಟೆ ಎತ್ತಿ ಹಾಕಿದ ಸದ್ದು, ಅದರೊಳಗೆ ಒಣಕಡ್ಡಿ ಮುರಿದ ಇನ್ನೊಂದು ಸದ್ದು. ಗೋಡೆಯ ಹಸಿ ಸುಣ್ಣ ಅವನ ಮುಖಕ್ಕೂ ಕೂದಲಿಗೂ ಮೆತ್ತಿತ್ತು. ಬಲಗೈ ತಿರುಚಿ ಬೆನ್ನ ಕೆಳಗೆ ಹೋಗಿತ್ತು. ಎಡಗೈ ಬಾಲು ಬಿಟ್ಟಿರಲಿಲ್ಲ.

"ಕಾರ್ನರ್ ಅಲ್ಲ ಅಲ್ವಾ ಅಣ್ಣಾ?" ಅಂದ, ನನ್ನ ಮುಖ ನೋಡಿ.

"ಅಲ್ಲ ಕಣೋ," ಅಂದೆ.

ಅವತ್ತು ನಾವು ಗೆದ್ದೆವು. ಹೆಚ್ಚಿನ ಕೂಗು ಹಾಕಲು ಸೈರನ್ ಇರಲಿಲ್ಲ. ಲೀಗಿನವರು ಬಂದು ನೋಡಿ, ಗೋಲಿನ ಬೆನ್ನಿಗೇ ಗೋಡೆಯಿರುವ ಕಡೆ ಆಡಿಸುವಂತಿಲ್ಲ ಅಂತ ಬರೆದುಕೊಟ್ಟರು. ಗ್ರೌಂಡಿಲ್ಲದ ಟೀಮು ಮರುವರ್ಷ ಹೆಸರು ಕೊಡಲಿಲ್ಲ. ಆಟವಾಡುವವರಿಲ್ಲ ಅಂತ ಉಳಿದ ಮೈದಾನವನ್ನೂ ಸೈಟು ಮಾಡಿದರು; ಬಸವರಾಜನ ಮಗಳ ಮನೆ ಈಗ ಅಂಥದ್ದೊಂದರಲ್ಲೇ ಇದೆ. ಫೌಂಡ್ರಿ ಇನ್ನೂ ಕೆಲವು ವರ್ಷ ಉಸಿರಾಡಿ ಬಾಗಿಲು ಹಾಕಿತು. ಮುರುಗೇಶನ ಭುಜ ಕೂಡಿಕೊಂಡಿತು, ಆದರೆ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ಗೃಹಪ್ರವೇಶದ ದಿನ ಆ ಹಿತ್ತಿಲಿನಲ್ಲಿ ನಾನು ನಿಂತಿದ್ದಾಗ ಹಿಂದಿನಿಂದ ಯಾರೋ ಬಂದರು. ಮುರುಗೇಶ. ಬಸವರಾಜ ಅವನನ್ನೂ ಕರೆದಿದ್ದ. ಕೂದಲು ಪೂರ್ತಿ ಬಿಳಿ. ಎಡಗೈಯಲ್ಲಿ ತಾಂಬೂಲದ ಚೀಲ.

"ಊಟ ಆಯ್ತಾ ಅಣ್ಣಾ?"

"ಆಯ್ತು." ಎಷ್ಟೋ ಸುಳ್ಳನ್ನು ನೀರು ಕುಡಿದ ಹಾಗೆ ಹೇಳಿದವನು ನಾನು. ಒಂದು ನಿಜ ಹೇಳುವ ಮೊದಲು ಬಾಯಲ್ಲಿದ್ದದ್ದನ್ನು ಉಗಿದೆ. "ಮುರುಗೇಶ, ಆ ಗೂಟ ಇತ್ತಲ್ಲ, ಸರ್ವೆಯವರದ್ದು. ಅದನ್ನ..."

"ಗೊತ್ತು ಅಣ್ಣಾ."

"ಏನ್ ಗೊತ್ತು?"

"ಅವತ್ತು ಸಾಯಂಕಾಲನೇ ಹೆಜ್ಜೆ ಹಾಕಿದೆ. ಹಳ್ಳದ ಹತ್ರ ತೂತಿಗೆ ಹುಲ್ಲು ತುರುಕಿತ್ತು. ಇಂಥ ಕೆಲಸ ಊರಲ್ಲಿ ಇನ್ಯಾರು ಮಾಡ್ತಾರೆ? ನಿಂದೇ ಅಂದ್ಕೊಂಡು ಅಲ್ಲೇ ನಿಂತು ಒಬ್ಬನೇ ನಕ್ಕೆ. ಜನ ನನ್ನ ಹಿಂದೆನೇ ಬಂದು ಕೂತ್ಕೋತಾರೆ, ಒಳ್ಳೇದೇ ಆಯ್ತು ಅನ್ನಿಸ್ತು."

"ಗೋಡೆ ಏಳುವಾಗ ಆದ್ರೂ ಹೇಳ್ಬಹುದಿತ್ತಲ್ಲೋ."

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಎರಡು ಹೆಣ್ಮಕ್ಕಳಿದ್ರಲ್ಲ ನಿನಗೆ."

ಅವನು ಹೋಗಿ ಎಡಗೈಯನ್ನು ಗೋಡೆಯ ಮೇಲಿಟ್ಟ. ತೆಗೆದಾಗ ಅಂಗೈ ಬೆಳ್ಳಗಾಗಿತ್ತು. ಅದನ್ನೇ ನೋಡಿಕೊಂಡು ಅಂದ, "ಒಂದೇ ಸಮಾಧಾನ ಅಣ್ಣಾ. ಆ ಕೋಚ್ ಬರ್ಲಿಲ್ಲವಲ್ಲ, ಒಳ್ಳೇದಾಯ್ತು. ಅಷ್ಟು ದೊಡ್ಡವರು ಬಂದು ಇಂಥ ಗ್ರೌಂಡು, ಇಂಥ ಗೋಲಿ ನೋಡಿದ್ರೆ ಏನಂದ್ಕೋತಿದ್ರು." ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ಸುತ್ತಿದ ಚಿಕ್ಕ ಫೋಟೋ ತೆಗೆದ. ಮೀಸೆ ಮಾಸಿತ್ತು, ಬೈಯುವ ಮುಖ ಹಾಗೇ ಇತ್ತು. "ಗೃಹಪ್ರವೇಶಕ್ಕೆ ನೀನೂ ಬರ್ತೀಯ ಅಂತ ಬಸಣ್ಣ ಹೇಳ್ದ. ಅದಕ್ಕೇ ತಂದೆ. ನಿನಗೇನಾದ್ರೂ ಗೊತ್ತಾ ಅಣ್ಣಾ, ಈಗ ಎಲ್ಲಿದಾರೆ ಇವರು?"

ಒಳಗಿನಿಂದ ಬಸವರಾಜ ಕರೆಯುತ್ತಿದ್ದ. ಮಳೆ ಸ್ವಲ್ಪ ಜೋರಾಯಿತು. ಮುರುಗೇಶ ಉತ್ತರಕ್ಕಾಗಿ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.

"ಗೋವಾದಲ್ಲೇ ಇದಾರಂತಪ್ಪ," ಅಂದೆ. "ವಯಸ್ಸಾಗಿದೆ. ಮೀನು ಮಾತ್ರ ಇವತ್ತಿಗೂ ತಿನ್ನಲ್ವಂತೆ."